ಅಬಿಡ್ಸ್‌ನಲ್ಲಿ ಒಂದು ಪಾಟೀಸವಾಲು

ಹೊಸ ಕಾರು ಕೆಟ್ಟು ನಿಂತರೆ ಅದರ ಸುತ್ತ ಯಾರೂ ಸೇರುವುದಿಲ್ಲ. ಮಾಲೀಕ ಗಾಜು ಏರಿಸಿಕೊಂಡು ಒಳಗೇ ಕೂತು ಕಂಪನಿಗೆ ಫೋನು ಹಚ್ಚುತ್ತಾನೆ. ಗಂಟೆ ಕಳೆದ ಮೇಲೆ ಒಂದು ಲಾರಿ ಬಂದು ಕಾರನ್ನು ಹೇರಿಕೊಂಡು ಹೋಗುತ್ತದೆ. ಆಮೇಲೊಂದು ದಿನ ಸೆನ್ಸರ್ ಬದಲಿಸಿದ್ದೇವೆಂದು ಬಿಲ್ಲು ಬರುತ್ತದೆ. ಯಾವ ಸೆನ್ಸರು, ಎಲ್ಲಿತ್ತು, ಯಾಕೆ ಮುನಿಸಿಕೊಂಡಿತು ಎಂದು ಕೇಳುವ ರೂಢಿಯಿಲ್ಲ. ಬಾನೆಟ್ ಎತ್ತಿದರೂ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಮುಚ್ಚಳ ಮಾತ್ರ. ಒಳಗೆ ಎಂಜಿನ್ ಇದೆ ಎನ್ನುವುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು.

ಹಳೆಯ ಕಾರಿನ ಸಂಗತಿ ಬೇರೆ. ಅದರಲ್ಲೂ ಎರಡೇ ಸೀಟಿನ, ಬಟ್ಟೆಯ ಟಪ್ಪಿನ, ಸೈಕಲ್ಲಿಗಿರುವಂಥ ಕಡ್ಡಿಚಕ್ರದ ಸ್ಪೋರ್ಟ್ಸ್ ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ಅದು ಊರಿನ ಪ್ರಶ್ನೆಯಾಗುತ್ತದೆ. ಅದು ಓಡುತ್ತಿದ್ದಾಗ ನೋಡಿ ಸುಮ್ಮನೆ ನಕ್ಕವರು ನಿಂತಾಗ ಹತ್ತಿರ ಬರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಬಾಗಿ ನೋಡುತ್ತಾರೆ. ಎರಡು ನಿಮಿಷದಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಕಾರಣ ತಯಾರಾಗಿರುತ್ತದೆ. ಓಡುವ ಕಾರಿಗಿಂತ ಓಡದ ಕಾರಿನಿಂದ ಸಿಗುವ ಸುಖ ದೊಡ್ಡದು ಎಂಬ ನನ್ನ ಅನುಮಾನ ಹುಟ್ಟಿದ್ದು ಹೈದರಾಬಾದಿನ ಅಬಿಡ್ಸ್‌ನಲ್ಲಿ, ನಮ್ಮ ವಕೀಲ್ ಸಾಹೇಬರ ದೆಸೆಯಿಂದ.

ವಕೀಲರು ಗುಲಬರ್ಗಾ ಕಡೆಯವರು. ಅವರ ತಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲೇ ಕಾನೂನು ಓದಿ ಇಲ್ಲಿಯ ಕೋರ್ಟಿನಲ್ಲಿ ವಕೀಲಿ ಹಿಡಿದವರು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಕಕ್ಷಿದಾರರು ಆ ಕಡೆ ಹೋದರು, ತಂದೆ ಮಾತ್ರ ಚಿರಾಗ್ ಅಲಿ ಗಲ್ಲಿಯ ಮನೆ ಬಿಟ್ಟು ಕದಲಲಿಲ್ಲ. ಅವರನ್ನು ಹಿಡಿದಿಟ್ಟದ್ದು ಮನೆಯೋ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದ್ದ ಕಾರೋ ಎಂದು ವಕೀಲರಿಗೆ ಇವತ್ತಿಗೂ ಸಂಶಯ. ಇಂಗ್ಲೆಂಡಿಗೆ ವಾಪಸು ಹೊರಟ ಸಾಹೇಬನೊಬ್ಬನಿಂದ ಕೊಂಡ 1948ರ ಎಂ.ಜಿ. ಟಿ.ಸಿ. ಅದು. ಯುದ್ಧ ಮುಗಿದ 1945ರಿಂದ 1949ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್‌ಡನ್ನಿನಲ್ಲಿ ಇಂಥವು ಸುಮಾರು ಹತ್ತು ಸಾವಿರ ತಯಾರಾದವು. 1250 ಸಿ.ಸಿ. ಎಂಜಿನ್ನು, 54 ಅಶ್ವಶಕ್ತಿ. ಇವತ್ತಿನ ಸಾಧಾರಣ ಸಂಸಾರದ ಕಾರೂ ಇದನ್ನು ಹಿಂದೆ ಹಾಕುತ್ತದೆ. ಆದರೆ ನೆಲಕ್ಕೆ ಅಂಟಿಕೊಂಡು, ಮೊಣಕೈ ಬಾಗಿಲಿನ ಹೊರಗೆ ಚಾಚಿ ಕೂತವನಿಗೆ ಗಂಟೆಗೆ ನಲವತ್ತು ಕಿಲೋಮೀಟರೂ ನೂರರಂತೆ ಅನ್ನಿಸುತ್ತದೆ. ಸ್ಪೋರ್ಟ್ಸ್ ಕಾರು ಎಂದರೆ ನನ್ನ ಮಟ್ಟಿಗೆ ಅಷ್ಟೇ.

ಈ ಕಾರಿಗೆ ವಾರಕ್ಕೊಮ್ಮೆ ಗಾಳಿ ತೋರಿಸುವುದು ಭಾನುವಾರ ಬೆಳಿಗ್ಗೆ. ಅಬಿಡ್ಸ್ ಹುಟ್ಟಿದ್ದೇ ಒಬ್ಬ ಅಂಗಡಿಕಾರನಿಂದ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಖಾಸಾ ಪರಿಚಾರಕ ಆಲ್ಬರ್ಟ್ ಅಬಿಡ್ ಎಂಬ ಅರ್ಮೇನಿಯನ್ ಇಲ್ಲೊಂದು ಅಂಗಡಿ ತೆರೆದ. ಅರಸರ ಉಡುಪಿನ ಉಸ್ತುವಾರಿಯೂ ಅವನದೇ. 1891ರ ಜೇಕಬ್ ವಜ್ರದ ವ್ಯವಹಾರದಲ್ಲೂ ಅವನ ಕೈ ಆಡಿತ್ತು. ಅಂಗಡಿ ಹೋಯಿತು, ಪೇಟೆಗೆ ಹೆಸರು ಉಳಿಯಿತು. ಇಂಥವನ ಹೆಸರಿನ ಪೇಟೆಯಲ್ಲಿ ವಾರದ ಆರು ದಿನ ಕಾಲಿಡಲು ಜಾಗವಿಲ್ಲ. ಭಾನುವಾರ ಷಟರುಗಳು ಇಳಿದಾಗ ಅವುಗಳ ಮುಂದೆ, ಫುಟ್‌ಪಾತಿನುದ್ದಕ್ಕೂ ಹಳೆಯ ಪುಸ್ತಕದವರು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಜಿ.ಪಿ.ಓ. ಸರ್ಕಲ್ಲಿನ ಸುತ್ತಮುತ್ತ ವೈದ್ಯಶಾಸ್ತ್ರ, ಉರ್ದು ಕಾದಂಬರಿ, ಇಂಜಿನಿಯರಿಂಗ್ ಗೈಡು, ತೆಲುಗು ಪಂಚಾಂಗ ಎಲ್ಲ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ವಕೀಲರು ಮತ್ತು ಬ್ಯಾಂಕಿನಿಂದ ನಿವೃತ್ತನಾದ ನಾನು ತಾಜ್ ಮಹಲ್ ಹೋಟೆಲಿನಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ಪುಸ್ತಕಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಏನೂ ಕೊಳ್ಳದೆ ಏಳುವುದು ವಾಡಿಕೆ.

ಆ ಭಾನುವಾರ ಶ್ರಾವಣದ ಸೋನೆ. ಮನೆಯಿಂದ ಹೊರಡುವಾಗ ಕಾರು ಮೊದಲ ಎಳೆತಕ್ಕೇ ಎದ್ದಿತ್ತು. ಪುಸ್ತಕ ನೋಡಿ ಬಂದು ಕೂತೆವು. ವಕೀಲರು ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡಿನ ಸೆಲ್ಫ್ ಗುಂಡಿ ಎಳೆದರು. ಎಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಇನ್ನೊಮ್ಮೆ ಎಳೆದರು. ತಿರುಗಿತು, ಹತ್ತಲಿಲ್ಲ.

ಜನ ಸೇರಲು ಮತ್ತೇನು ಬೇಕು. ಮೊದಲು ಬಂದವನು ಆಟೋದವನು. ಅವನು ಸೀಟಿನಿಂದ ಇಳಿಯದೆಯೇ ತೀರ್ಪು ಕೊಟ್ಟ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಕಲಬೆರಕೆ, ಹಳೆಯ ಗಾಡಿಯ ರಬ್ಬರು ತಿಂದು ಹಾಕಿದೆ, ಇನ್ನು ಇದು ಏಳುವುದಿಲ್ಲ ಎಂದ. ಪುಸ್ತಕದವನು ಮಳೆಯೇ ಕಾರಣವೆಂದ. ಬೆಳಗಿನಿಂದ ಅವನ ಪುಸ್ತಕಗಳು ನೆನೆಯುತ್ತಿದ್ದವು, ಕಾರೂ ನೆನೆದಿರಲೇಬೇಕು. ಜಗದೀಶ್ ಮಾರ್ಕೆಟ್ಟಿನಲ್ಲಿ ಮೊಬೈಲು ರಿಪೇರಿ ಮಾಡುವ ಹುಡುಗ ಬ್ಯಾಟರಿ ಹೋಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡಿದ್ದ ಇನ್ನೊಬ್ಬ ಸ್ಟೇರಿಂಗಿನ ಕೆಳಗೆ ಬಗ್ಗಿ ಸ್ಕ್ಯಾನರ್ ಚುಚ್ಚುವ ಸಾಕೆಟ್ಟನ್ನು ಹುಡುಕಿದ. ಸಿಗದಿದ್ದಾಗ ಎದ್ದು ಮೂತಿಯ ಮೇಲಿನ ಎಂಟು ಮೂಲೆಯ ಬಿಲ್ಲೆ ನೋಡಿ, “ಅಂಕಲ್, ಇದು ಹೆಕ್ಟರಿನ ಕಂಪನಿಯದಾ?” ಎಂದು ಕೇಳಿದ. ಹೆಸರು ಅದೇ, ಮಾಲೀಕರು ಈಗ ಬೇರೆ, ಅಬಿಂಗ್‌ಡನ್ನಿನ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು ಎಂದು ವಕೀಲರು ತಾಳ್ಮೆಯಿಂದ ವಿವರಿಸಿದರು. ನಿಂಬೆಹಣ್ಣು ಮಾರುವ ಮುದುಕಿ ಮಾತ್ರ ಯಾರ ಮಾತಿಗೂ ಕಿವಿಗೊಡದೆ ಬುಟ್ಟಿಯಿಂದ ಒಂದು ಹಣ್ಣು ಎತ್ತಿ ತೋರಿಸಿದಳು. ಇಷ್ಟು ಚೆಂದದ ಗಾಡಿಗೆ ದೃಷ್ಟಿಯಾಗದೆ ಇರುತ್ತದೆಯೇ?

ಗಮನಿಸಿ, ಯಾರೂ ಕಾರನ್ನು ನೋಡಿ ಹೇಳಿದ್ದಲ್ಲ. ಅವರವರ ಕಸುಬು, ಅವರವರ ಬೆಳಗಿನ ಚಿಂತೆ ಬಾಯಿಂದ ಬಂತು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಹೋದಾಗಲೂ ಕ್ಯಾಶಿಯರಿಗೆ ಕ್ಲರ್ಕಿನ ಮೇಲೆ, ಕ್ಲರ್ಕಿಗೆ ಕಂಪ್ಯೂಟರಿನ ಮೇಲೆ ಮೊದಲ ಅನುಮಾನ. ಜೊತೆಗೆ, ಇಲ್ಲಿ ಸೇರಿದವರ ಒಂದು ಮಾತೂ ಅಸಾಧ್ಯವಾದದ್ದಲ್ಲ, ನಿಂಬೆಹಣ್ಣಿನದೊಂದನ್ನು ಬಿಟ್ಟರೆ. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುವುದು ನಿಜ, ಅದು ನೀರು ಹೀರಿಕೊಳ್ಳುವುದೂ ನಿಜ. ಮಳೆಯ ತೇವದಲ್ಲಿ ಕರೆಂಟು ದಾರಿ ತಪ್ಪುವುದೂ ನಿಜ. ಆದರೆ ಆಗಬಹುದಾದ್ದು ಬೇರೆ, ಆಗಿರುವುದು ಬೇರೆ. ಇವೆರಡರ ನಡುವಿನ ದೂರದಲ್ಲೇ ವಕೀಲರು ನಲವತ್ತು ವರ್ಷ ಅನ್ನ ಸಂಪಾದಿಸಿದವರು.

“ತಡೀರಿ ಮ್ಯಾನೇಜರ್ ಸಾಹೇಬ್ರ,” ಎಂದರು ನನಗೆ. “ಎಲ್ಲಾರೂ ಸಾಕ್ಷಿ ಹೇಳ್ಯಾರ. ಯಾರೂ ಕಣ್ಣಾರೆ ನೋಡಿಲ್ಲ. ಆರೋಪಿ ಮಾತು ಇನ್ನಾ ಕೇಳೇ ಇಲ್ಲ.”

ಅವರ ಪಾಟೀಸವಾಲು ಶುರುವಾದದ್ದು ಹೀಗೆ. ಹೆಡ್‌ಲೈಟ್ ಹಾಕಿ ನನ್ನನ್ನು ಮುಂದೆ ನಿಲ್ಲಿಸಿದರು. ಸೆಲ್ಫ್ ಎಳೆದಾಗ ಬೆಳಕು ಒಂದಿಷ್ಟು ಕುಗ್ಗಿತು, ಆರಲಿಲ್ಲ. ಎಂಜಿನ್ನೂ ಹುರುಪಾಗಿಯೇ ತಿರುಗಿತ್ತು. ಅಲ್ಲಿಗೆ ಬ್ಯಾಟರಿ ಖುಲಾಸೆ. ಮೊಬೈಲಿನ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಪೆಟ್ರೋಲು. ಈ ಕಾರಿಗೆ ಪೆಟ್ರೋಲ್ ತೋರಿಸುವ ಮುಳ್ಳೇ ಇಲ್ಲ. ಟ್ಯಾಂಕು ತಳ ಹಿಡಿಯುವ ಹೊತ್ತಿಗೆ ಹಸಿರು ದೀಪವೊಂದು ಹತ್ತುತ್ತದೆ, ಅಷ್ಟೇ. ದೀಪ ಹತ್ತಿರಲಿಲ್ಲ, ಆದರೆ ಬಲ್ಬು ಸುಟ್ಟಿದ್ದರೂ ಹತ್ತುವುದಿಲ್ಲವಲ್ಲ. ಹಾಗಾಗಿ ವಕೀಲರು ಸೀಟಿನ ಹಿಂದಿನಿಂದ ತಂದೆಯ ಕಾಲದ ಬಿದಿರು ಕಡ್ಡಿ ತೆಗೆದು, ಹಿಂಭಾಗದ ಟ್ಯಾಂಕಿನ ಮುಚ್ಚಳ ತೆರೆದು ಅದ್ದಿದರು. ಅರ್ಧ ಕಡ್ಡಿ ಒದ್ದೆ.

ಟ್ಯಾಂಕಿನಲ್ಲಿರುವುದು ಎಂಜಿನ್ನಿಗೆ ತಲುಪುತ್ತಿದೆಯೇ? ಇದಕ್ಕೆ ಉತ್ತರ ಕೇಳಿಸಿಕೊಳ್ಳಲು ಎಲ್ಲರೂ ಸುಮ್ಮನಿರಬೇಕಾಗಿತ್ತು. ಅಬಿಡ್ಸ್‌ನಲ್ಲಿ ಮೌನ ಸಿಗುವುದು ಕಷ್ಟ, ಆದರೂ ಆಟೋದವನೇ ಮುಂದಾಗಿ ಎಲ್ಲರ ಬಾಯಿ ಮುಚ್ಚಿಸಿದ. ಕೀಲಿ ತಿರುಗಿಸಿದೊಡನೆ ಬಾನೆಟ್ಟಿನೊಳಗಿಂದ ಟಕಟಕಟಕ ಎಂದು ಸದ್ದು. ಎಸ್.ಯು. ಪಂಪಿನ ಸದ್ದು ಅದು. ವಿದ್ಯುತ್ತಿನ ಆಯಸ್ಕಾಂತ ಒಳಗಿನ ಪೊರೆಯನ್ನು ಎಳೆದು ಬಿಡುತ್ತ ಪೆಟ್ರೋಲನ್ನು ಮುಂದೆ ದಬ್ಬುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬಿ ಒಳಗಿನ ತೇಲು ಮೇಲೆದ್ದರೆ ಸೂಜಿ ದಾರಿ ಮುಚ್ಚುತ್ತದೆ, ಪಂಪು ಸುಮ್ಮನಾಗುತ್ತದೆ. ಸದ್ದೇ ಬರದಿದ್ದರೆ ಪಂಪು ಅಂಟಿಕೊಂಡಿದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಕುಟ್ಟಬೇಕು. ಸದ್ದು ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಿಸಿಗೆ ಪೆಟ್ರೋಲು ಆವಿಯಾಗಿದೆ, ಇಲ್ಲವೇ ಸೂಜಿ ಕೂರದೆ ಪೆಟ್ರೋಲು ಉಕ್ಕುತ್ತಿದೆ. ನಮ್ಮದು ಕೆಲವು ಸಲ ಟಕಟಕ ಎಂದು, ಸಾವಕಾಶವಾಗಿ, ನಿಂತಿತು. ಕಾರ್ಬುರೇಟರಿನ ಕೆಳಗೆ ಒದ್ದೆಯೂ ಇರಲಿಲ್ಲ. ಇಡೀ ಎಂಜಿನ್ನಿನಲ್ಲಿ ಇಷ್ಟು ಸ್ಪಷ್ಟವಾಗಿ ತನ್ನ ವರದಿ ಒಪ್ಪಿಸುವ ಇನ್ನೊಂದು ಭಾಗವಿಲ್ಲ.

ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಸಹೋದರರು ಲಂಡನ್ನಿನ ಪಾದರಕ್ಷೆ ವ್ಯಾಪಾರಿಗಳ ಮನೆಯವರು. ಅವರ ಮೊದಮೊದಲಿನ ಕಾರ್ಬುರೇಟರುಗಳಲ್ಲಿ ಗಾಳಿ ಆಡಲು ಇದ್ದದ್ದು ಚರ್ಮದ ತಿದಿ. ಚಪ್ಪಲಿ ಅಂಗಡಿಗಳಿಗೆ ಹೆಸರಾದ ಅಬಿಡ್ಸ್‌ನಲ್ಲಿ, ಮುಚ್ಚಿದ ಚಪ್ಪಲಿ ಅಂಗಡಿಯೊಂದರ ಎದುರೇ ನಿಂತು ಇದನ್ನು ಹೇಳುವ ಅವಕಾಶವನ್ನು ವಕೀಲರು ಬಿಡುತ್ತಾರೆಯೇ? ಹೇಳಿದರು. ಯಾರೂ ನಂಬಲಿಲ್ಲ.

ಇನ್ನು ಉಳಿದದ್ದು ಕಿಡಿ. ಈ ಕಾರಿನಲ್ಲಿರುವಂಥ ಲೂಕಾಸ್ ಕಂಪನಿಯ ವಿದ್ಯುತ್ ಸಾಮಾನುಗಳ ಮೇಲೆ ಇಂಗ್ಲಿಷರೇ ಕಟ್ಟಿದ ನಗೆಮಾತುಗಳು ಸಾಕಷ್ಟಿವೆ. ಜೋಸೆಫ್ ಲೂಕಾಸರಿಗೆ ಅವರಿಟ್ಟ ಬಿರುದು ಕತ್ತಲೆಯ ರಾಜಕುಮಾರ. ನನಗೆ ಇದು ಅನ್ಯಾಯವೆನ್ನಿಸುತ್ತದೆ. ಮುಕ್ಕಾಲು ಶತಮಾನ ಕಳೆದರೂ ಹೆಡ್‌ಲೈಟ್ ಉರಿಯುತ್ತಿತ್ತು. ಅಷ್ಟರಲ್ಲಿ ಎ.ಟಿ.ಎಂ. ಕಾವಲಿನ ಗಟ್ಟಿ ಆಳೊಬ್ಬ ಬಂದು, ಮೂತಿಯ ಕೆಳಗಿನ ತೂತು ನೋಡಿ, ಹ್ಯಾಂಡಲ್ ಕೊಡಿ ತಿರುಗಿಸುತ್ತೇನೆ ಎಂದ. ವಕೀಲರು ಹ್ಯಾಂಡಲ್ ಕೊಡಲಿಲ್ಲ. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತದೆ. ಹ್ಯಾಂಡಲ್ ಹಿಡಿಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಈ ಕೈಮುರುಕ ಕೆಲಸದಿಂದ ಲೋಕವನ್ನು ಪಾರುಮಾಡಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ವಿಧಾನಕ್ಕೆ ರೂಪ ಕೊಟ್ಟವನೂ ಅವನೇ. ಅಂಬಾಸಡರ್, ಪದ್ಮಿನಿಗಳವರೆಗೆ ನಾವೆಲ್ಲ ಆ ಕಿಡಿಯಲ್ಲೇ ಓಡಾಡಿದವರು.

ಕಿಡಿಯ ವಿಷಯಕ್ಕೆ ತಮ್ಮ ಮೆಕ್ಯಾನಿಕ್ ಉಸ್ತಾದರೇ ಬರಲಿ ಎಂದು ವಕೀಲರು ಫೋನು ಮಾಡಿದರು. ಪುತ್ಲಿಬೌಲಿಯಿಂದ ಬರುವಷ್ಟರಲ್ಲಿ ಒಂದು ಸುತ್ತು ಇರಾನಿ ಚಹಾ ಆಯಿತು. ಚಹಾದ ಜೊತೆಗೆ ವಕೀಲರು ತಮ್ಮ ಪ್ರೀತಿಯ ಪೂರ್ವನಿದರ್ಶನ ತೆಗೆದರು. 1967ರಲ್ಲಿ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರು ತೀರಿಕೊಂಡ ಮೇಲೆ ಮೊಮ್ಮಗ ಮುಕರ್ರಮ್ ಜಾ ಪಟ್ಟಕ್ಕೆ ಬಂದರು. ಆಗಿನ ಲೆಕ್ಕವನ್ನು ವಿಲಿಯಂ ಡಾಲ್ರಿಂಪಲ್ ಬರೆದಿದ್ದಾರೆ. ಅರಮನೆಯ ಗ್ಯಾರೇಜಿನಲ್ಲಿ 60 ಕಾರುಗಳಿದ್ದವು, ಅವುಗಳ ಪೆಟ್ರೋಲು ಮತ್ತು ಬಿಡಿಭಾಗಕ್ಕೆ ವರ್ಷಕ್ಕೆ 45,000 ಪೌಂಡ್ ಖರ್ಚು ಬೀಳುತ್ತಿತ್ತು, ಓಡುವ ಸ್ಥಿತಿಯಲ್ಲಿದ್ದದ್ದು ನಾಲ್ಕೇ. ಪಟ್ಟಾಭಿಷೇಕ ಮುಗಿಸಿದ ಹೊಸ ನಿಜಾಮರನ್ನು ಕರೆದೊಯ್ಯಬೇಕಿದ್ದ ಕಾರೂ ಕೆಟ್ಟು ನಿಂತಿತು.

“ಅರವತ್ತು ಗಾಡಿ ಇದ್ದವ್ರಿಗೇ ಹಿಂಗಾದ ಮ್ಯಾಲ ಒಂದು ಗಾಡಿಯವರು ನಾವ್ಯಾರು?” ಎಂದರು ವಕೀಲರು.

ನಿಲ್ಲಿಸಿದ ಕಾರು ನಿಂತೇ ಕೆಡುತ್ತದೆ ಎನ್ನುವುದು ಆ ಗ್ಯಾರೇಜಿನ ಲೆಕ್ಕದಲ್ಲಿದೆ. ಓಡಿ ಸವೆಯುವುದಕ್ಕಿಂತ ಹೆಚ್ಚು. ಬಟ್ಟಲಿನ ಪೆಟ್ರೋಲು ಒಣಗಿ ಅಂಟಾಗುತ್ತದೆ, ಪಾಯಿಂಟಿನ ತುದಿಗೆ ಕಿಲುಬು ಹಿಡಿಯುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಇಲಿಗಳು ವೈರು ಕಡಿಯುತ್ತವೆ. ಜಾ ಅವರಿಗೆ ಸಿಂಹಾಸನಕ್ಕಿಂತ ಸ್ಪ್ಯಾನರ್ ಪ್ರಿಯವಾಗಿತ್ತು ಎನ್ನುವುದು ಹೈದರಾಬಾದಿನ ಹಳಬರೆಲ್ಲ ಬಲ್ಲ ವಿಷಯ. ಗ್ಯಾರೇಜಿನ ಅಂಗಿ ತೊಟ್ಟು ಎಂಜಿನ್ನುಗಳ ಜೊತೆ ದಿನ ಕಳೆಯುತ್ತಿದ್ದ ಅವರು ಕಡೆಗೆ ಆಸ್ಟ್ರೇಲಿಯಾದ ಕುರಿಗಾವಲಿಗೆ ಹೋಗಿ ಬುಲ್‌ಡೋಜರುಗಳಲ್ಲಿ ಮುಳುಗಿದರು. ಆಸ್ಥಾನದವರು ಅದನ್ನು ಹುಚ್ಚು ಎಂದಿರಬಹುದು. ಸಾವಿರಾರು ಆಳುಗಳು ಮತ್ತು ವ್ಯಾಜ್ಯಗಳ ನಡುವೆ, ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಎಂಜಿನ್ನೊಂದೇ ಎಂದು ಅವರಿಗೆ ಹೊಳೆದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಉಸ್ತಾದರು ಸ್ಕೂಟರಿನಲ್ಲಿ ಬಂದರು. ಎಪ್ಪತ್ತು ದಾಟಿದ ಜೀವ, ಮೆಹಂದಿ ಹಚ್ಚಿದ ಗಡ್ಡ, ಭಾನುವಾರದ ಇಸ್ತ್ರಿ ಮಾಡಿದ ಕುರ್ತಾ. ಬಂದವರು ಬಾನೆಟ್ ಮುಟ್ಟಲಿಲ್ಲ. ಮೊದಲು ಸಿಗರೇಟು ಹಿಡಿದಿದ್ದವನನ್ನು ರಸ್ತೆಯ ಆ ಬದಿಗೆ ಕಳಿಸಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು:

“ಪಿಛಲೇ ಹಫ್ತೇ ಕ್ಯಾ ಹಾಥ್ ಲಗಾಯೇ ಇಸ್ಕೋ, ವಕೀಲ್ ಸಾಬ್?”

ಹೋದ ವಾರ ಇದಕ್ಕೆ ಏನು ಕೈ ಹಚ್ಚಿದಿರಿ? ಕೆಟ್ಟದ್ದು ಇವತ್ತು, ಕೇಳುತ್ತಿರುವುದು ಹೋದ ವಾರದ್ದು. ವಕೀಲರು ಉತ್ಸಾಹದಿಂದಲೇ ಹೇಳಿದರು. ಪಾಯಿಂಟು, ಕಂಡೆನ್ಸರು, ರೋಟರು, ಡಿಸ್ಟ್ರಿಬ್ಯೂಟರಿನ ಟೋಪಿ ಎಲ್ಲ ಹೊಸದು ಹಾಕಿಸಿದ್ದಾರೆ. ಪೊಟ್ಟಣ ಒಡೆದು ಹಾಕಿದ್ದು, ಹಾಗಾಗಿ ಅವುಗಳ ಮೇಲೆ ಸಂಶಯ ಪಡುವ ಕಾರಣವಿಲ್ಲ.

“ನವಾ ಹೈ ಬೋಲ್ಕೆ ಛೋಡ್ ದೇತೇ ಕ್ಯಾ?” ಎಂದರು ಉಸ್ತಾದರು. ಹೊಸತು ಅಂತ ಬಿಟ್ಟುಬಿಡುವುದೇ?

ವಕೀಲರಿಗೆ ಉತ್ತರ ತೋಚಲಿಲ್ಲ. ಅಷ್ಟು ವರ್ಷ ಕೋರ್ಟಿನಲ್ಲಿ ನಿಂತವರು, ಪಟ್ಟಿಯಲ್ಲಿ ಹೆಸರೇ ಇಲ್ಲದ ಸಾಕ್ಷಿಯನ್ನು ಎದುರು ಕಡೆಯವರು ಕರೆಸಿದಾಗ ಹೀಗೇ ಕನ್ನಡಕ ತೆಗೆದು ಒರೆಸುತ್ತಿದ್ದರೋ ಏನೋ.

ಈ ಕಾರಿನ ಬಾನೆಟ್ ಎರಡು ಮಗ್ಗುಲಿಗೂ ಬೇರೆಬೇರೆಯಾಗಿ ಏಳುತ್ತದೆ. ಒಂದು ಬದಿ ಜೋಡಿ ಕಾರ್ಬುರೇಟರು, ಇನ್ನೊಂದು ಬದಿ ಡಿಸ್ಟ್ರಿಬ್ಯೂಟರು. ಉಸ್ತಾದರು ಡಿಸ್ಟ್ರಿಬ್ಯೂಟರಿನ ಬದಿ ತೆರೆದು ಒಂದು ಪ್ಲಗ್ ಬಿಚ್ಚಿ ಮೂಗಿಗೆ ಹಿಡಿದರು. ಒದ್ದೆ, ಪೆಟ್ರೋಲಿನ ಘಾಟು. ಅದನ್ನು ಆಟೋದವನಿಗೂ ಮೂಸಲು ಕೊಟ್ಟರು. ಎಥೆನಾಲೋ ಮತ್ತೊಂದೋ, ಕುಡಿಯಬೇಕಾದ್ದನ್ನು ಎಂಜಿನ್ ಕುಡಿದಿದೆ, ಉರಿಸಲಾಗಿಲ್ಲ ಅಷ್ಟೇ. ಪ್ಲಗ್ಗನ್ನು ದೂರ ಇಟ್ಟು, ಅದರ ವೈರಿನ ಬಾಯಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತುಸು ಅಂತರದಲ್ಲಿ ಹಿಡಿದು ಸೆಲ್ಫ್ ಎಳೆಯಲು ಹೇಳಿದರು. ಕಿಡಿ ಇಲ್ಲ. ಡ್ಯಾಶ್‌ಬೋರ್ಡಿನ ಆಂಪಿಯರ್ ಮುಳ್ಳು ಏನು ಮಾಡುತ್ತಿದೆ ಎಂದು ನನ್ನನ್ನು ಕೇಳಿದರು. ಎಂಜಿನ್ ತಿರುಗುವಾಗ ಅದು ಸಣ್ಣಗೆ ತುಡಿಯುತ್ತಿತ್ತು. ಅಂದರೆ ಪಾಯಿಂಟು ತೆರೆದು ಮುಚ್ಚುತ್ತಿದೆ, ಕರೆಂಟು ಹೋಗಿ ಬರುತ್ತಿದೆ. ಈಗ ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನ ಟೋಪಿಯಿಂದ ಕಿತ್ತು ಅದೇ ರೀತಿ ಹಿಡಿದರು. ಛಟ್! ನೀಲಿ ಕಿಡಿ, ಸದ್ದಿನ ಸಮೇತ. ಗುಂಪಿನಿಂದ ಒಂದು “ಓಹೋ” ಬಂತು.

ಇಲ್ಲಿ ಎಂಜಿನ್ನಿನ ಒಳಗಿನ ಊರು ಒಮ್ಮೆಲೇ ಚಿಕ್ಕದಾಯಿತು. ಕಾಯಿಲ್ ತನಕ ಕಿಡಿಯಿದೆ, ಪ್ಲಗ್ಗಿಗೆ ಬರುವಷ್ಟರಲ್ಲಿ ಇಲ್ಲ. ನಡುವೆ ಇರುವುದು ಟೋಪಿ, ಅದರೊಳಗೆ ತಿರುಗುವ ರೋಟರು, ನಾಲ್ಕು ವೈರು. ನಾಲ್ಕು ವೈರೂ ಒಟ್ಟಿಗೆ ಸಾಯುವುದಿಲ್ಲ. ಟೋಪಿಯನ್ನು ತೆಗೆದು ಮೋಡದ ಬೆಳಕಿಗೆ ತಿರುಗಿಸಿ ನೋಡಿದರು. ನಡುವಿನ ಇದ್ದಿಲ ಗುಂಡಿ ಸ್ಪ್ರಿಂಗಿನ ಮೇಲೆ ಸರಿಯಾಗಿ ಆಡುತ್ತಿತ್ತು. ಬಿರುಕಿಲ್ಲ, ಕಿಡಿ ಹರಿದು ಸುಟ್ಟ ಕಪ್ಪು ಗೆರೆಯಿಲ್ಲ, ತೇವವೂ ಇಲ್ಲ. ಮಳೆಗೂ ಖುಲಾಸೆ ಸಿಕ್ಕಿತು. ಪುಸ್ತಕದವನ ಮುಖ ಸಣ್ಣದಾಯಿತು.

ಆಗಲೇ ಅವನು ಅಂಗಡಿಗೆ ಓಡಿ, ರಾಶಿಯ ತಳದಿಂದ ರಟ್ಟು ಹರಿದ ಇಂಗ್ಲಿಷ್ ಮೋಟಾರು ಪುಸ್ತಕವೊಂದನ್ನು ಎಳೆದು ತಂದದ್ದು. ಸೋತ ವಾದವನ್ನು ಗ್ರಂಥಾಧಾರದಿಂದ ಎತ್ತಿ ಹಿಡಿಯುವ ಆಸೆ ಇರಬೇಕು. ಉಸ್ತಾದರಿಗೆ ಇಂಗ್ಲಿಷ್ ಓದಲು ಬಾರದು, ಚಿತ್ರ ಓದಲು ಬರುತ್ತದೆ. ಡಿಸ್ಟ್ರಿಬ್ಯೂಟರಿನ ಕೊರೆದ ಚಿತ್ರವಿದ್ದ ಪುಟ ತೆಗೆದು ಮಡ್‌ಗಾರ್ಡಿನ ಮೇಲಿಟ್ಟು, ಕಪ್ಪು ಹೆಬ್ಬೆರಳಿನಿಂದ ಗೆರೆ ಹಿಡಿದು ಸುತ್ತಲಿದ್ದವರಿಗೆ ಪಾಠ ಶುರುಮಾಡಿದರು. ಬ್ಯಾಟರಿಯ 12 ವೋಲ್ಟು ಕಾಯಿಲ್‌ಗೆ ಬರುತ್ತದೆ. ಪಾಯಿಂಟು ಅಂಗುಲದ ಸಾವಿರದ 12 ಭಾಗದಷ್ಟು ಬಾಯಿ ಬಿಟ್ಟರೆ ಸಾಕು, ಕಾಯಿಲ್ ಒಳಗಿನ ಆಯಸ್ಕಾಂತದ ಬಲ ಕುಸಿದು ಸಾವಿರಾರು ವೋಲ್ಟಾಗಿ ಚಿಮ್ಮುತ್ತದೆ. ಅದನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುವವನು ಈ ರೋಟರು. ಕಪ್ಪು ಬೇಕಲೈಟಿನ ತುಂಡು, ನೆತ್ತಿಯ ಮೇಲೆ ಹಿತ್ತಾಳೆ ಪಟ್ಟಿ. ಹಿತ್ತಾಳೆ ಕರೆಂಟನ್ನು ಹೊರಬೇಕು, ಬೇಕಲೈಟು ಅದನ್ನು ತಡೆಯಬೇಕು. ಕೆಳಗಿರುವುದು ಕಬ್ಬಿಣದ ಕಂಬಿ, ಅದು ಸೀದಾ ಕಾರಿನ ಮೈಗೆ ಸೇರಿದ್ದು.

ಮುಂದಿನದು ನಾನು ಕಂಡ ಪರೀಕ್ಷೆಗಳಲ್ಲಿ ಅತ್ಯಂತ ಸೊಗಸಾದದ್ದು. ಉಳಿದೆಲ್ಲ ಕಡೆ ಕಿಡಿ ಕಂಡರೆ ಪಾಸು, ಇಲ್ಲಿ ಕಿಡಿ ಕಂಡರೆ ನಪಾಸು. ಟೋಪಿ ತೆರೆದೇ ಇತ್ತು, ರೋಟರು ತನ್ನ ಜಾಗದಲ್ಲೇ ಕೂತಿತ್ತು. ಕಾಯಿಲ್ ವೈರಿನ ತುದಿಯನ್ನು ಉಸ್ತಾದರು ರೋಟರಿನ ಹಿತ್ತಾಳೆಯ ಮೇಲೆ ಕೂದಲೆಳೆಯ ಅಂತರದಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ಪಾಯಿಂಟನ್ನು ಮೀಟಿದರು. ಹಿತ್ತಾಳೆಗೆ ಕೆಳಗೆಲ್ಲೂ ದಾರಿಯಿಲ್ಲ, ಸುತ್ತ ಬೇಕಲೈಟಿನ ಗೋಡೆ. ಗೋಡೆ ಗಟ್ಟಿಯಿದ್ದರೆ ಕರೆಂಟಿಗೆ ಹೋಗಲು ಜಾಗವೇ ಇಲ್ಲ, ಕಿಡಿ ಹಾರಬಾರದು.

ಛಟ್.

ಮತ್ತೆ ಮೀಟಿದರು. ಛಟ್. ನೀಲಿ, ಚೊಕ್ಕ, ನಿರ್ಲಜ್ಜ ಕಿಡಿ.

ಉಸ್ತಾದರು ರೋಟರನ್ನು ಕಿತ್ತು ವಕೀಲರ ಅಂಗೈ ಮೇಲಿಟ್ಟರು. ಹೊಸದಾಗಿ ಮಿರಿಮಿರಿ ಮಿಂಚುತ್ತಿತ್ತು. ಹಿತ್ತಾಳೆ ಪಟ್ಟಿಯನ್ನು ಬಿಗಿದಿದ್ದ ರಿವೆಟ್ಟು ಒಳಗೆ ಬಲು ಆಳಕ್ಕೆ ಇಳಿದಿತ್ತು. ಅದರ ತುದಿಗೂ ಕಬ್ಬಿಣದ ಕಂಬಿಗೂ ನಡುವೆ ಉಳಿದದ್ದು ತೆಳುವಾದ ಪದರ. ಹಳೆಯ ಕಾರುಗಳಿಗೆಂದು ಈಗ ಅಗ್ಗದಲ್ಲಿ ತಯಾರಾಗುವ ರೋಟರುಗಳಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ತಣ್ಣಗಿದ್ದಾಗ ಆ ಪದರ ಹೇಗೋ ತಡೆದುಕೊಳ್ಳುತ್ತದೆ. ಎಂಜಿನ್ ಕಾದ ಮೇಲೆ ನಿಲ್ಲಿಸಿ ಇಡ್ಲಿ ತಿನ್ನಲು ಹೋದರೆ, ಗಾಳಿಯಾಡದೆ ಡಿಸ್ಟ್ರಿಬ್ಯೂಟರು ಇನ್ನಷ್ಟು ಕಾಯುತ್ತದೆ, ಪದರ ಸೋಲುತ್ತದೆ, ಕಿಡಿ ಅದನ್ನು ತೂರಿಕೊಂಡು ಕಂಬಿಗೆ ಇಳಿಯುತ್ತದೆ. ಒಮ್ಮೆ ದಾರಿ ಬಿದ್ದರೆ ಮುಗಿಯಿತು, ಮುಂದೆ ಅದೇ ರಾಜಮಾರ್ಗ. ಬೆಳಿಗ್ಗೆ ಒಂದೇ ಎಳೆತಕ್ಕೆ ಎದ್ದ ಕಾರು ಇಲ್ಲಿ ಏಳದ್ದಕ್ಕೆ ಕಾರಣ ಇಷ್ಟು.

“ಹಳೇದು ಎಲ್ಲದ?” ಎಂದು ನಾನು ಕೇಳುವಷ್ಟರಲ್ಲಿ ವಕೀಲರು ಟೂಲ್ ಬಾಕ್ಸಿನಲ್ಲಿ ಕೈಯಾಡಿಸುತ್ತಿದ್ದರು. ತಂದೆಯ ಕಾಲದವರು ಯಾವುದನ್ನೂ ಬಿಸಾಡುವವರಲ್ಲ, ಮಗನೂ ಹಾಗೇ. ಪೆಪ್ಪರ್‌ಮೆಂಟಿನ ತಗಡಿನ ಡಬ್ಬಿಯಲ್ಲಿ ವಾಷರು, ಫ್ಯೂಸು, ಸವೆದ ಪಾಯಿಂಟುಗಳ ನಡುವೆ ಅದು ಸಿಕ್ಕಿತು. ಹಿತ್ತಾಳೆಯ ತುದಿ ಸುಟ್ಟು ಸವೆದಿತ್ತು. ಅದಕ್ಕೇ ಬದಲಾಯಿಸಿದ್ದು. ಉಸ್ತಾದರು ಅದನ್ನು ತಿಕ್ಕಿ, ಊದಿ, ಕೂರಿಸಿ, ಅದೇ ಪರೀಕ್ಷೆ ಮಾಡಿದರು. ಕಡ್ಡಿ ಮೀಟಿದರು, ಕಿಡಿ ಹಾರಲಿಲ್ಲ. ಟೋಪಿ ಹಾಕಿ, ಪ್ಲಗ್ ಒರೆಸಿ ಬಿಗಿದು, ಚೋಕ್ ಮುಟ್ಟಬೇಡಿ ಎಂದು ತಾಕೀತು ಮಾಡಿ, ಎಳೆಯಿರಿ ಎಂದರು. ಎಂಜಿನ್ ಒಮ್ಮೆ ಕೆಮ್ಮಿ, ಕುಡಿದಿದ್ದ ಪೆಟ್ರೋಲನ್ನೆಲ್ಲ ಕಪ್ಪು ಹೊಗೆಯಾಗಿ ಉಗುಳಿ, ಹತ್ತಿಕೊಂಡಿತು. ಕಾವಲಿನ ಆಳು ಚಪ್ಪಾಳೆ ಹೊಡೆದ. ನಿಂಬೆಹಣ್ಣಿನ ಮುದುಕಿ ಗೆಲುವಿನ ನಗೆ ನಕ್ಕಳು. ಗಲಾಟೆಯಲ್ಲಿ ಯಾವಾಗಲೋ ಅವಳು ಚಕ್ರದ ಕೆಳಗೆ ಒಂದು ಹಣ್ಣು ಇಟ್ಟಿದ್ದು ಆಗ ಕಂಡಿತು. ಹತ್ತು ರೂಪಾಯಿ ಕೇಳಿದಳು, ವಕೀಲರು ಚೌಕಾಸಿಯಿಲ್ಲದೆ ಕೊಟ್ಟರು. ಉಸ್ತಾದರು ದುಡ್ಡು ಮುಟ್ಟಲಿಲ್ಲ. ರಂಜಾನ್ ಮುಗಿದಾಗಿನಿಂದ ತಮ್ಮದೊಂದು ಮನೆ ಬಾಡಿಗೆಯ ಕಾಗದ ವಕೀಲರ ಮೇಜಿನ ಮೇಲೇ ಕೂತಿದೆ, ಅದನ್ನು ಸ್ವಲ್ಪ ನೋಡಿ ಎಂದು ಹೇಳಿ ಸ್ಕೂಟರು ಹತ್ತಿದರು.

ಹೊರಡಬೇಕು ಅನ್ನುವಷ್ಟರಲ್ಲಿ ಪುಸ್ತಕದವನು ಬಾಗಿಲಿಗೆ ಕೈ ಅಡ್ಡ ಇಟ್ಟ. ಮೋಟಾರು ಪುಸ್ತಕ ತೆರೆದು ತೋರಿಸಿದ. ಡಿಸ್ಟ್ರಿಬ್ಯೂಟರಿನ ಚಿತ್ರದ ಮೇಲೆ ಉಸ್ತಾದರ ಹೆಬ್ಬೆಟ್ಟು ಕಪ್ಪಗೆ, ಗೆರೆಗೆರೆಯಾಗಿ, ನೋಂದಣಿ ಕಚೇರಿಯಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು. ಇನ್ನು ಇದನ್ನು ಯಾರು ಕೊಳ್ಳುತ್ತಾರೆ ಸಾಬ್, ನಾನೂರು ರೂಪಾಯಿ ಎಂದ. ವಕೀಲರು ನೂರರಿಂದ ಶುರುಮಾಡಿದರು. ರಟ್ಟು ಹರಿದಿದೆ, ಮೊದಲ ಪುಟಗಳಿಲ್ಲ, ಮಳೆಗೆ ನೆನೆದಿದೆ ಎಂದು ಒಂದೊಂದೇ ಲೋಪ ಎತ್ತಿ ಆಡಿದರು. ಪುಸ್ತಕದವನು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ನಡುಗುತ್ತಿದ್ದ ಬಾನೆಟ್ಟಿನ ಕಡೆ ಒಮ್ಮೆ ನೋಡಿ, “ಸಾಬ್, ಪೆಟ್ರೋಲು ಸುಮ್ಮನೆ ಉರಿಯುತ್ತಿದೆ, ಎಂಜಿನ್ ಆರಿಸಿ ಆರಾಮಾಗಿ ಮಾತಾಡೋಣ,” ಎಂದ.

ವಕೀಲರು ನನ್ನ ಕಡೆ ತಿರುಗಿದರು. “ಮ್ಯಾನೇಜರ್ ಸಾಹೇಬ್ರ, ನಾನೂರು ಅದಾವೇನ್ರಿ?”